ಶುಂಠಿ ಹೊಲದಲ್ಲಿ ಚಪ್ಪಲಿ

“ಯಾರದ್ಲಾ ಈ ಚಪ್ಪಲಿ ಹೆಜ್ಜೆ?” ಸಾಹುಕಾರ ಶುಂಠಿ ಪಾತಿಯ ಮುಂದೆ ನಿಂತು, ಯಾರನ್ನೂ ನೋಡದೆ ಕೇಳಿದ.

ಕಳೆ ಕೀಳುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ. ಎಲ್ಲರೂ ಕಾಡಿನಿಂದ ಇಳಿಸಿ ತಂದ ಗಿರಿಜನರ ಹಾಡಿಯವರು. ಚಪ್ಪಲಿ ಇದ್ದದ್ದು ಬೇದಮ್ಮನ ಕಾಲಲ್ಲಿ ಮಾತ್ರ.

“ಕಳಚು. ನಿನ್ನ ಚಪ್ಪಲಿಯಿಂದ ನನ್ನ ಶುಂಠಿಗೆ ಕೊಳೆರೋಗ ಹತ್ತುತ್ತೆ.”

“ಕಳಚಿದ್ರೆ ನಂಗೆ ಹುಳ ಹತ್ತುತ್ತೆ, ಬುದ್ಧಿ. ಈ ಮಣ್ಣಿನ ಹುಳ ಅಂಗಾಲಿಂದ ಒಳಕ್ಕೋಗಿ, ಕರುಳಲ್ಲಿ ಕೂತು ರಕ್ತ ಕುಡೀತದಂತೆ. ನರ್ಸಮ್ಮ ಹೇಳವ್ರೆ. ಹೊಟ್ಟೇಲಿ ಕೂಸದೆ, ಮೈಲಿ ರಕ್ತ ಇಲ್ಲ.”

“ಕಾಡಲ್ಲಿ ಬೂಟು ಹಾಕ್ಕೊಂಡು ತಿರುಗ್ತಿದ್ಯಾ?”

“ಕಾಡಲ್ಲಿ ಜಾಗ ಬದಲಾಯಿಸ್ತಿದ್ದೊ. ಇಲ್ಲಿ ಇಡೀ ಹಾಡಿ ಚೊಂಬು ಹಿಡ್ಕೊಂಡು ಬಯಲಿಗೆ ಬರೋದು ಇದೇ ಹೊಲಕ್ಕೆ, ಹುಳ ಇಲ್ಲೇ ಬೆಳೀತದೆ.”

ಸಾಹುಕಾರ ಬದುವಿನ ಮೇಲೆ ಕೂತಿದ್ದ ಅವಳ ಅಪ್ಪನ ಕಡೆ ತಿರುಗಿದ. ಹಾಡಿಯ ದೇವರ ಪೂಜೆ ಮಾಡುವ ತಮ್ಮಡಿ ಅವನು. ಭೂಮಿತಾಯಿಯನ್ನು ಚಪ್ಪಲಿಯಲ್ಲಿ ಮೆಟ್ಟಬಾರದೆಂದು ಪದ ಹಾಡುತ್ತಲೇ ಮುದುಕನಾದವನು.

“ನೀನೇ ಹೇಳು, ತಮ್ಮಡಿ. ಮಣ್ಣು ನಿಮ್ಮವ್ವ ಅಲ್ವಾ? ಅವ್ವನ ಎದೆ ಮೇಲೆ ಚಪ್ಪಲಿ ಇಡ್ತಾರಾ? ಕಳಚು ಅಂತ ನಿನ್ನ ಮಗಳಿಗೆ ಹೇಳು.”

ಮುದುಕ ಎದ್ದು ಬಂದ. ಅಪ್ಪನ ಮಾತನ್ನು ಎಂದೂ ಮೀರದ ಬೇದಮ್ಮ, ಅವನು ಬಾಯಿ ತೆರೆಯುವ ಮೊದಲೇ ಒಂದು ಚಪ್ಪಲಿ ಕಳಚಿದಳು. ಅವನು ಬಗ್ಗಿ ಅದನ್ನೆತ್ತಿ, ಮಣ್ಣು ಒರೆಸಿ, ಮತ್ತೆ ಅವಳ ಕಾಲಿಗೆ ತೊಡಿಸಿದ.

“ನಮ್ಮವ್ವ ಮಕ್ಕಳ ರಕ್ತ ಕುಡಿಯೋಳಲ್ಲ, ಬುದ್ಧಿ. ನಾ ಹೇಳಾಕಿಲ್ಲ.”