ಅಕ್ಕನ ತೋಳಿನ ಕಲೆಗಳು

"ಕಾಲು ಹಿಡ್ಕೊಳೋ, ಬೀದಿನಾಯಿ. ಅವತ್ತು ರಾಡ್ ಹಿಡ್ದಿದ್ಯಲ್ಲ, ಅದೇ ಕೈಯಲ್ಲಿ ಹಿಡ್ಕೊ."

ಭಾವ ಹೀಗೆ ಅಂದದ್ದು ಆಸ್ಪತ್ರೆಯಲ್ಲಿ, ಬೆಂಚುಗಳ ತುಂಬ ಕೂತ ಜನರ ಎದುರು. ಅವನ ಹೆಂಡತಿಯ ತಮ್ಮನಾದ ವೆಲ್ಡರ್ ತಲೆ ತಗ್ಗಿಸಿ ನಿಂತ. ಊದಿದ ದುಂಡು ಮುಖದ ಅಕ್ಕ ಗೋಡೆ ನೋಡುತ್ತಿದ್ದಳು.

ತಪ್ಪು ಅವನದೇ. ಎರಡು ತಿಂಗಳ ಹಿಂದೆ ಅಕ್ಕನ ತೋಳಿನ ತುಂಬ ಕಪ್ಪು ಕಲೆ ಕಂಡಿದ್ದ. ಕೇಳಿದರೆ ಅವಳು ಬಾಯಿ ಬಿಡಲಿಲ್ಲ. ಭಾವನೇ ಬಡಿದಿದ್ದಾನೆ ಅಂದುಕೊಂಡ. ಭಾವನನ್ನು ಅಂಗಡಿಯಿಂದ ಕಾಲರ್ ಹಿಡಿದು ಎಳೆತಂದು, ಬೀದಿಯಲ್ಲಿ ಕೆಡವಿ ರಾಡಿನಿಂದ ಬಡಿದ. ಬಲಗೈ ಮೂಳೆ ಲಟಕ್ಕೆಂದಿತು. ಎಡಗೈಯನ್ನೂ ಬಿಡಲಿಲ್ಲ.

ಭಾವನ ಕೈಗಳಿಗೆ ಪ್ಲಾಸ್ಟರ್ ಹಾಕಿಸಿದ ಡಾಕ್ಟರೇ ಪಕ್ಕದಲ್ಲಿದ್ದ ಅಕ್ಕನ ಮುಖ ನೋಡಿ ಟೆಸ್ಟ್ ಬರೆದರು. ಕಿಡ್ನಿ ಮೇಲಿನ ಗ್ರಂಥಿಯಲ್ಲಿ ಗಡ್ಡೆ.

"ಗಡ್ಡೆ ಹಾರ್ಮೋನು ಸುರೀತಾ ಇದೆ. ಮುಖ ಊದತ್ತೆ, ಚರ್ಮ ಕಾಗದ ಆಗತ್ತೆ, ಏನು ತಗುಲಿದ್ರೂ ಕಪ್ಪುಗಟ್ಟತ್ತೆ. ಮೊದಲು ಮಾತ್ರೆ ಕೊಟ್ಟು ಹಾರ್ಮೋನು ಇಳಿಸೋಣ. ಆಪರೇಷನ್ ಆಮೇಲೆ."

ವೆಲ್ಡರ್ ಮುಖಕ್ಕೆ ಯಾರೋ ಸಗಣಿ ಎರಚಿದಂತಾಗಿತ್ತು. ಅಂದಿನಿಂದ ಭಾವ ಅವನನ್ನು ಮನೆ ಹೊಸ್ತಿಲು ತುಳಿಯಗೊಡಲಿಲ್ಲ. ಅಕ್ಕನನ್ನು ಮತ್ತೆ ನೋಡುತ್ತಿರುವುದು ಇವತ್ತೇ. ಭಾವನ ಪ್ಲಾಸ್ಟರ್ ಬಿಚ್ಚಿದ್ದೂ ಇವತ್ತೇ, ಬೆಳಿಗ್ಗೆ.

ಭಾವ ಹೆಂಡತಿಯ ತೋಳನ್ನು ಸಂತೆಯ ಸರಕಿನ ಹಾಗೆ ಎತ್ತಿ ತೋರಿಸಿದ. ಒಂದು ಕಲೆಯೂ ಇಲ್ಲ.

"ನೋಡ್ರಪ್ಪ. ಮಾತ್ರೆ ಬಿತ್ತು, ಕಲೆ ಹೋಯ್ತು. ಈ ನನ್ಮಗ ನನ್ನ ಕಟುಕ ಅಂತಿದ್ದ."

ವೆಲ್ಡರ್ ಮಂಡಿಯೂರಿದ. "ತಪ್ಪಾಯ್ತು ಭಾವ. ಅಕ್ಕನ್ನ ನೋಡೋಕಾದ್ರೂ ಬಿಡು."

ಭಾವ ಎದೆಗೆ ಒದ್ದ. ಬೆಂಚಿನ ಅಂಚಿಗೆ ಬಡಿದು ಹುಬ್ಬು ಒಡೆಯಿತು. ಇನ್ನೊಂದು ಒದೆ ಪಕ್ಕೆಗೆ. ರಕ್ತ ಕಣ್ಣಿಗಿಳಿದರೂ ಅವನು ಕೈ ಎತ್ತಲಿಲ್ಲ.

"ಬೀಳ್ಲಿ ಬಿಡಿ, ಸ್ವಲ್ಪ ಬುದ್ಧಿ ಬರತ್ತೆ," ಅಂದಳು ಬೆಂಚಿನ ಮೇಲಿದ್ದ ಒಬ್ಬ ಮುದುಕಿ.

ನರ್ಸ್ ಬಾಗಿಲು ತಳ್ಳಿಕೊಂಡು ಬಂದಳು. "ಏನ್ರೀ, ಇದೇನು ಕುಸ್ತಿ ಅಖಾಡಾನಾ?" ಅಕ್ಕನ ಕಡೆ ತಿರುಗಿ ನೀರಿನ ಲೋಟ ಚಾಚಿದಳು. "ತಗೊಳಮ್ಮ. ಎರಡು ತಿಂಗಳ ಟೆಸ್ಟೆಲ್ಲ ಮುಗೀತಲ್ಲ, ಮಾತ್ರೆ ಇವತ್ತಿಂದ ಶುರು. ಮೊದಲ್ನೇದು ನಮ್ಮೆದುರೇ ನುಂಗ್ಬೇಕು."

ವೆಲ್ಡರ್ ನೆಲದಿಂದಲೇ ಅಕ್ಕನ ತೋಳು ನೋಡಿದ. ಒಂದೇ ಒಂದು ಮಾತ್ರೆಯನ್ನೂ ಕಾಣದೆ ವಾಸಿಯಾದ ತೋಳು. ಆಮೇಲೆ ಇವತ್ತಷ್ಟೇ ಪ್ಲಾಸ್ಟರ್ ಬಿಚ್ಚಿದ ಭಾವನ ಕೈಗಳನ್ನು ನೋಡಿದ. ಅಕ್ಕ ಮಾತ್ರೆ ನುಂಗಿ ಕಣ್ಣು ತಗ್ಗಿಸಿದಳು.

ಅವನು ಎದ್ದ. ಅವಳನ್ನು ಮುಂದೆ ಬಿಟ್ಟುಕೊಂಡು ಬಾಗಿಲ ಕಡೆ ಹೊರಟ.

"ಲೋ, ನನ್ನ ಹೆಂಡ್ತೀನ ಎಲ್ಲಿಗೋ ಕರ್ಕೊಂಡು ಹೋಗ್ತೀಯ?"

ಅವನು ಅಕ್ಕನ ಜೊತೆ ಮೆಟ್ಟಿಲಿಳಿದ.