ರೆಕ್ಕೆ ಬುಡದ ಸಂದು

ಸಂದು ಮತ್ತೆ ಬಾಯಿ ಬಿಟ್ಟುಕೊಂಡಿತ್ತು.

ಹಲ್ಲಿನ ಮೇಷ್ಟ್ರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮೇಜಿನ ಮೇಲೆ ಗೇಣುದ್ದದ ಮಾದರಿ ವಿಮಾನ, ಪ್ಲಾಸ್ಟಿಕ್ಕಿನಂಥ ರೆಸಿನ್ನಿನದು. ಅದರ ಎಡರೆಕ್ಕೆ ಮೈಗೆ ಸೇರುವ ಕಡೆ ಉಗುರು ತೂರುವಷ್ಟು ಸಂದು. ನಿನ್ನೆ ಮಧ್ಯಾಹ್ನ, ಬೆರೆತರೆ ಕಲ್ಲಾಗುವ ಎರಡು ಬಣ್ಣದ ಪುಟ್ಟಿಯನ್ನು ಸಮಸಮ ಕಲಸಿ, ಕಡ್ಡಿಯಿಂದ ಒತ್ತಿ, ಒದ್ದೆ ಬೆರಳಿನಿಂದ ಸವರಿ ಮುಚ್ಚಿದ್ದು ಇದನ್ನೇ. ಅದಕ್ಕೂ ಹಿಂದೆ ನಾಲ್ಕು ಸಲ ಮುಚ್ಚಿದ್ದೂ ಇದನ್ನೇ. ಸುಳ್ಳಾದರೆ ಗೋಡೆಯ ಕ್ಯಾಲೆಂಡರ್ ನೋಡಿಕೊಳ್ಳಿ, ಮುಚ್ಚಿದ ದಿನಕ್ಕೊಂದರಂತೆ ಐದು ಕೆಂಪು ಗುರುತು ಹಾಕಿಟ್ಟಿದ್ದಾರೆ. ಗುರುತು ಐದು, ಸಂದು ಒಂದೇ. ಇದೇನು ಮಾಟವೋ ಮಂತ್ರವೋ!

ಮೂವತ್ತೆರಡು ವರ್ಷ ಕಂಡಕಂಡವರ ಬಾಯಿಗೆ ಹಲ್ಲಿನ ಸೆಟ್ ಕೂರಿಸಿದ ಕೈ ಅದು. ಕೆಲಸ ಬಿಟ್ಟ ಮೇಲೆ ಸುಮ್ಮನಿರಲಾರದೆ ಬಿಡಿಭಾಗ ಜೋಡಿಸಿ ವಿಮಾನ, ಹಡಗು ಮಾಡುವ ಈ ಡಬ್ಬಿಗಳ ಹಿಂದೆ ಬಿದ್ದಿತ್ತು. ರೆಸಿನ್ ಭಾಗಗಳೆಂದರೆ ಅಚ್ಚಿನಿಂದ ಬರುವಾಗಲೇ ಒಂದಿಷ್ಟು ಸೊಟ್ಟ. ಒಂದಕ್ಕೊಂದು ನೆಟ್ಟಗೆ ಕೂರುವ ಜಾತಿಯೇ ಅಲ್ಲ. ಆ ಸಂದು ತುಂಬಿ, ಉಜ್ಜಿ, ಇಲ್ಲವೆನ್ನಿಸುವುದರಲ್ಲೇ ಮೇಷ್ಟ್ರಿಗೆ ಖುಷಿ.

ಮೊದಲ ಸಲ ಪುಟ್ಟಿ ಹಳೆಯದಿರಬೇಕು ಎಂದುಕೊಂಡು ಹೊಸದು ತಂದರು. ಎರಡನೆಯ ಸಲ ಕಲಸಿದ್ದು ಸರಿಯಾಗಿಲ್ಲ ಎಂದುಕೊಂಡರು. ಆದರೆ ಬಸಿಯಲ್ಲಿ ಉಳಿದ ಉಂಡೆ ಕಲ್ಲಿನಂತೆ ಗಟ್ಟಿಯಾಗಿತ್ತಲ್ಲ! ಇನ್ನೂ ತಲೆ ಕೆಡಿಸಿದ್ದೆಂದರೆ, ಸಂದಿನಲ್ಲಿ ಪುಟ್ಟಿಯ ಒಂದು ಚೂರೂ ಉಳಿದಿರಲಿಲ್ಲ, ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ. ಕೆಲಸ ಬಲ್ಲ ಕೈ ಕೆರೆದು ತೆಗೆದ ಹಾಗಿತ್ತು. ಅಥವಾ ತಾನು ತುಂಬಿಯೇ ಇರಲಿಲ್ಲವೋ? ತುಂಬಿದೆ ಅಂತ ಬರೀ ಅಂದುಕೊಂಡದ್ದೋ? ಮೇಷ್ಟ್ರ ಅಣ್ಣನಿಗೂ ಮರೆವು ಶುರುವಾದದ್ದು ಹೀಗೇ. ಮೊದಲು ಒಂದೇ ಕಾಗದಕ್ಕೆ ಮೂರು ಸಲ ಉತ್ತರ ಬರೆದ. ಕೊನೆಗೆ ಸ್ವಂತ ಹೆಂಡತಿಯನ್ನೇ "ತಾವ್ಯಾರು?" ಎಂದು ಕೇಳಿದ.

"ಲೇ, ಬಾ ಇಲ್ಲಿ," ಎಂದು ಕೂಗಿದರು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ನಾಳೆ ಡಾಕ್ಟರ ಹತ್ರ ಹೋಗೋಣ ಕಣೆ. ನನಗೆ ಭಯ ಆಗ್ತಿದೆ. ಅಣ್ಣನ ಥರ..."

ಅವಳು ಒಮ್ಮೆ ವಿಮಾನವನ್ನು, ಒಮ್ಮೆ ಗಂಡನನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ನಾನೇ ಕೆರೆದದ್ದು," ಅಂದಳು.

"ಏನು?"

"ನಾನೇ ರೀ. ಐದೂ ಸಲ. ಹೋದ ಸಲ ಹಡಗು ಮುಗಿದ ಮೇಲೆ ಒಂದು ತಿಂಗಳು ಗೋಡೆ ನೋಡ್ಕೊಂಡು ಕೂತಿದ್ರಿ, ನೆನಪಿದೆಯಾ? ಉಪ್ಪು ಜಾಸ್ತಿ, ಫ್ಯಾನ್ ಸದ್ದು ಜಾಸ್ತಿ ಅಂತ ನನ್ನ ಪ್ರಾಣ ಹಿಂಡಿಬಿಟ್ರಿ. ಇದಾದ್ರೂ ಒಂದಷ್ಟು ದಿನ ನಡೀಲಿ ಅಂತ..."

"ಯಾವುದ್ರಲ್ಲಿ ಕೆರೆದೆ?"

"ಇದ್ರಲ್ಲಿ." ಅವಳು ತುರುಬಿನಿಂದ ಹೇರ್‌ಪಿನ್ ಎಳೆದು ತೋರಿಸಿದಳು.

ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಆಮೇಲೆ ನಗು ಉಕ್ಕಿ ಬಂತು ನೋಡಿ, ಕನ್ನಡಕ ಮೂಗಿನ ತುದಿಗೆ ಜಾರುವಷ್ಟು. "ಅಯ್ಯೋ ಪಾಪಿ! ನಾನಿಲ್ಲಿ ಹುಚ್ಚನಾಗ್ತಿದ್ದೀನಿ ಅಂತ ಒದ್ದಾಡ್ತಿದ್ರೆ! ಹೇರ್‌ಪಿನ್ನಲ್ಲಿ ಇಷ್ಟು ನೀಟಾಗಿ ಕೆರೆದೆಯಾ? ಭಲೆ! ಹಲ್ಲು ಕಟ್ತಿದ್ದಾಗಲೇ ನಿನ್ನನ್ನ ಕೆಲಸಕ್ಕೆ ಇಟ್ಕೋಬೇಕಿತ್ತು." ಹೋದ ಜೀವ ಮರಳಿ ಬಂದಿತ್ತು. ಅವಳೂ ನಕ್ಕಳು, ಡಾಕ್ಟರ ಮಾತು ಅಲ್ಲಿಗೇ ನಿಂತಿತು. ಕಾಫಿ ತರುತ್ತೇನೆಂದು ಒಳಗೆ ಹೋದಳು.

ಇನ್ನು ಆ ಗುರುತುಗಳೇಕೆ, ಹೊಡೆದು ಹಾಕೋಣ ಎಂದು ಮೇಷ್ಟ್ರು ಪೆನ್ನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತರು. ಒಂದು ಹೊಡೆದರು, ಎರಡು ಹೊಡೆದರು. ಮೂರನೆಯದು ಬುಧವಾರ. ಕೆಂಪು ಗುರುತಿನ ಕೆಳಗೆ ಹೆಂಡತಿಯ ದುಂಡಕ್ಷರವಿತ್ತು: ಅಕ್ಕನ ಮನೆ. ಗುರುವಾರದ ಚೌಕದಲ್ಲೂ ಅದೇ. ಹೌದಲ್ಲ, ಬುಧವಾರ ಬೆಳಿಗ್ಗೆ ಹೋದವಳು ಬಂದದ್ದು ಗುರುವಾರ ಸಂಜೆ. ಬುಧವಾರ ಮಧ್ಯಾಹ್ನ ಮುಚ್ಚಿದ ಸಂದು ಗುರುವಾರ ಬೆಳಿಗ್ಗೆ ಬಾಯಿ ಬಿಟ್ಟುಕೊಂಡಿತ್ತು. ಆ ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಂಡು ಮನೆಯಲ್ಲಿ ಮಲಗಿದ್ದವರು ಮೇಷ್ಟ್ರೊಬ್ಬರೇ.

ಅವರು ತಮ್ಮ ಬಲಗೈಯನ್ನು, ಯಾರದೋ ಕೈ ಎಂಬಂತೆ, ತಿರುಗಿಸಿ ತಿರುಗಿಸಿ ನೋಡಿದರು.

"ರೀ, ಇವತ್ತು ಮತ್ತೆ ಮುಚ್ತೀರಾ?" ಒಳಗಿನಿಂದ ಕೇಳಿತು.

"ಮುಚ್ತೀನಿ. ನೀನು ಮಾತ್ರ ಇನ್ನು ಕೆರೀಬೇಡ ಕಣೆ."

ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅವಳೆಂದಳು: "ನನ್ನ ಕೈ ಸುಮ್ಮನಿರಲ್ಲ ರೀ. ಇನ್ನೊಂದೆರಡು ಸಲ ಕೆರೆದ್ರೂ ಕೆರೆದೆ. ಬೈಬೇಡಿ."

ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನವಿತ್ತು. ಮೇಷ್ಟ್ರು ‘ಅಕ್ಕನ ಮನೆ’ ಎಂದು ಬರೆದಿದ್ದ ಆ ತಿಂಗಳ ಹಾಳೆಯನ್ನು, ಅಡುಗೆಮನೆಗೆ ಸದ್ದು ಕೇಳಿಸದಂತೆ, ಮೆಲ್ಲಗೆ ಹರಿದು ಮಡಚಿ ಜೇಬಿಗೆ ಹಾಕಿಕೊಂಡರು.