ಸಾವಿರ ಜೀವಕೋಶ

ರಕ್ತದ ವರದಿ ಬಂದಿದೆ, ಬಾ ಎಂದು ಡಾಕ್ಟರ್ ಸದಾಶಿವಯ್ಯ ಕರೆದಾಗ ಪುಷ್ಪಲತಾ ಕೈಲಿದ್ದ ಎಕ್ಸ್‌ರೇ ಹಾಳೆಯನ್ನು ಅಲ್ಲೇ ಇಟ್ಟು ಎದ್ದಳು. ತಿಪಟೂರಿನ ಅವರ ಸಣ್ಣ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವವಳು ಅವಳು. ಈಗ ಐದು ತಿಂಗಳ ಬಸುರಿ. ಮೈಮೇಲೆ ಎಷ್ಟು ವಿಕಿರಣ ಬಿತ್ತೆಂದು ತೋರಿಸುವ ಅವಳ ಬ್ಯಾಡ್ಜಿನ ಮೂರು ತಿಂಗಳ ರೀಡಿಂಗ್ ಮೂರು ವಾರದ ಹಿಂದೆ ಬಂದಿತ್ತು. ಎಂದೂ ಇಲ್ಲದಷ್ಟು ಹೆಚ್ಚಿತ್ತು.

ಬ್ಯಾಡ್ಜೊಂದನ್ನೇ ನಂಬುವುದು ಬೇಡ ಎಂದು ಡಾಕ್ಟರು ಅವಳ ರಕ್ತವನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದರು. ಅಲ್ಲಿ ಬಿಳಿ ರಕ್ತಕಣಗಳನ್ನು ಎರಡು ದಿನ ಬಾಟಲಿಯಲ್ಲಿ ಬೆಳೆಸಿ, ಒಂದೊಂದರ ಒಳಗಿನ ವರ್ಣತಂತುಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವಿಕಿರಣ ತಗುಲಿದ್ದರೆ ಅವು ತುಂಡಾಗಿ ಅಡ್ಡಾದಿಡ್ಡಿ ಕೂಡಿಕೊಂಡಿರುತ್ತವೆ. ಮೂರು ವಾರ ಅವಳು ಹಾಲ್ಕುರಿಕೆ ಬಸ್ಸಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಓಡಾಡಿದ್ದಳು. ಗಂಡನಿಗೂ ಹೇಳಿರಲಿಲ್ಲ.

ಡಾಕ್ಟರು ವರದಿಯನ್ನು ಅವಳ ಮುಂದಿಟ್ಟರು. "ಸಾವಿರ ಕೋಶ ನೋಡಿದ್ದಾರೆ ಕಣಮ್ಮ. ಒಂದೇ ಒಂದ್ರಲ್ಲಿ ಅಂಥ ತುಂಡು ಸಿಕ್ಕಿದೆ. ಅಷ್ಟು ನನ್ನಲ್ಲೂ ಇರುತ್ತೆ, ದಾರೀಲಿ ಹೋಗೋರಲ್ಲೂ ಇರುತ್ತೆ. ನಿಂಗೇನೂ ಆಗಿಲ್ಲ."

ಪುಷ್ಪಲತಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳು ನಿಂತ ಮೇಲೆ ಡಾಕ್ಟರು ಒಂದು ಬಿಳಿ ಹಾಳೆ ಸರಿಸಿದರು. "ಬ್ಯಾಡ್ಜನ್ನ ಮೆಷಿನ್ ಹತ್ರಾನೇ ಮರೆತುಬಿಟ್ಟಿದ್ದೆ, ಅದಕ್ಕೇ ರೀಡಿಂಗ್ ಜಾಸ್ತಿ ಬಂತು ಅಂತ ಬರ್ದು ಸೈನ್ ಮಾಡು. ಫೈಲು ಮುಗೀತು."

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಅವಳು ಬ್ಯಾಡ್ಜ್ ಮರೆತಿರಲಿಲ್ಲ. ಅದು ಯಾವಾಗಲೂ ಎಕ್ಸ್‌ರೇ ಕೋಣೆಯೊಳಗೆ ತೊಡುವ ಸೀಸದ ಏಪ್ರನ್ನಿಗೇ ಸಿಕ್ಕಿಕೊಂಡಿರುತ್ತಿತ್ತು. ಆ ಮೂರು ತಿಂಗಳಲ್ಲಿ ಮೊದಲ ತಿಂಗಳು, ಬಸುರೆಂದು ಗೊತ್ತಾಗುವ ಮುಂಚೆ, ಆ ಏಪ್ರನ್ ತಾನೇ ತೊಟ್ಟಿದ್ದಳು. ವಿಕಿರಣವೆಲ್ಲ ಆಗಲೇ ತನ್ನ ಮೇಲೆ ಬಿದ್ದಿರಬೇಕು ಎಂಬುದೇ ಅವಳ ಹೆದರಿಕೆಯಾಗಿತ್ತು. ಆಮೇಲಿನ ಎರಡು ತಿಂಗಳು ಅದನ್ನು ತೊಟ್ಟವಳು ನೆಲ ಒರೆಸುವ ಓಬಮ್ಮ. ಮರದಿಂದ ಬಿದ್ದವರು, ಕೈ ಮುರಿದುಕೊಂಡು ಅರಚುವ ಮಕ್ಕಳು ಬಂದರೆ ಅಲುಗಾಡದಂತೆ ಹಿಡಿದುಕೊಳ್ಳಲು ಅವಳನ್ನೇ ಒಳಗೆ ಕಳಿಸಿ, ಪುಷ್ಪಲತಾ ಗೋಡೆಯಾಚೆ ನಿಂತು ಸ್ವಿಚ್ ಒತ್ತುತ್ತಿದ್ದಳು. "ನೀನು ಒಳೀಕೆ ಬರಬ್ಯಾಡ ಕಣವ್ವ, ನಾನಿದೀನಲ್ಲ ಬುಡು" ಎನ್ನುತ್ತಿದ್ದಳು ಓಬಮ್ಮ. ದಿನಕ್ಕೆ ಎಂಟು ಸಲ, ಹತ್ತು ಸಲ. ಆ ರೀಡಿಂಗ್ ತನ್ನದಲ್ಲದಿರಲಿ ಎಂದು ಮೂರು ವಾರ ದೇವರನ್ನು ಬೇಡಿಕೊಂಡ ಪುಷ್ಪಲತಾ, ತನ್ನದಲ್ಲದಿದ್ದರೆ ಯಾರದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಸರ್, ಓಬಮ್ಮನ ರಕ್ತಾನೂ ಕಳಿಸ್ಬೇಕು."

ಏಕೆಂದು ಕೇಳಿ ತಿಳಿದ ಮೇಲೆ ಡಾಕ್ಟರು ಎದ್ದು ಹೋಗಿ ಬಾಗಿಲು ಹಾಕಿಬಂದರು. "ಬ್ಯಾಡ್ಜಿಲ್ಲದೋಳನ್ನ ಒಳಗೆ ಬಿಟ್ಟಿದ್ದು ಯಾರು ಅಂತ ಸರ್ಕಾರದೋರು ಕೇಳ್ತಾರೆ. ನಿನ್ನ ಕೆಲಸ ಹೋಗುತ್ತೆ, ನನ್ನ ಮೆಷಿನ್ನಿಗೆ ಬೀಗ ಬೀಳುತ್ತೆ. ಯೋಚ್ನೆ ಮಾಡು."

"ನಾನೇ ಬಿಟ್ಟಿದ್ದು ಅಂತ ಬರೀತೀನಿ ಸರ್." ಬರೆದು ಸೈನ್ ಮಾಡಿದಳು. ಡಾಕ್ಟರು ಆ ಹಾಳೆಯನ್ನು ಎರಡು ಸಲ ಓದಿ, ಅವಳ ಮುಖ ನೋಡದೆ ನರ್ಸನ್ನು ಕರೆದರು.

ಓಬಮ್ಮ ಬಕೆಟ್ಟನ್ನು ಗೋಡೆಗೆ ಸರಿಸಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬೆಂಚಿನ ಮೇಲೆ ಕೂತಳು. ಸೂಜಿ ಒಳಗೆ ಹೋಗುವಾಗ ಪಕ್ಕದಲ್ಲಿ ನಿಂತಿದ್ದ ಪುಷ್ಪಲತಾಳನ್ನು ನೋಡಿ ನಕ್ಕಳು.

"ನಂಗ್ಯಾಕವ್ವ ಇದೆಲ್ಲ? ಫೋಟೋ ತೆಗೆಸ್ಕಂಡೋರು ಅವ್ರು. ನಾನು ಬರೀ ಹಿಡ್ಕಂಡಿದ್ದೋಳು."